ಎರಡನೆಯ ಕಲ್ಲು

ಅತ್ತೆಯವರ ಹೊಟ್ಟೆಯಿಂದ ತೆಗೆದ ಕಲ್ಲನ್ನು ನನ್ನ ಗಂಡ ಹಯವದನ ಶೋಕೇಸಿನಲ್ಲಿ ಇಟ್ಟಿದ್ದರು. ಅತ್ತ ಬೆಳ್ಳಿಯ ಕೃಷ್ಣ, ಇತ್ತ ಇನ್ಶೂರೆನ್ಸ್ ಕಂಪನಿಯವರು ಇಪ್ಪತ್ತೈದು ವರ್ಷದ ಸೇವೆಗೆಂದು ಕೊಟ್ಟ ಗಡಿಯಾರ, ನಡುವೆ ಆಸ್ಪತ್ರೆಯ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯೊಳಗೆ ಕಂದು ಬಣ್ಣದ, ಬೆಟ್ಟಡಿಕೆಗಿಂತ ತುಸು ದೊಡ್ಡ ಕಲ್ಲು. ಸೂರತ್ತಿನ ಅಡಾಜಣ್‌ನಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ನೆರೆಯವರು ಅತ್ತೆಯನ್ನು ನೋಡಲು ಬಂದರೆ ಮೊದಲು ಕಲ್ಲಿನ ದರ್ಶನ, ಆಮೇಲೆ ಚಹಾ. ಹೊಟ್ಟೆ ಕೊಯ್ಯದೆ ಮೂರೇ ತೂತಿನಲ್ಲಿ ತೆಗೆದದ್ದು ಎಂದು ಇವರು ತಾವೇ ತೆಗೆದವರಂತೆ ಹಿಂದಿಯಲ್ಲಿ ವರ್ಣಿಸುತ್ತಿದ್ದರು.

ಆ ಡಬ್ಬಿ ಕಣ್ಣಿಗೆ ಬಿದ್ದರೆ ನಾನು ಮುಖ ತಿರುಗಿಸುತ್ತಿದ್ದೆ. ಹೊರಗೆ ಬಂದದ್ದು ಒಂದು. ಒಳಗೆ ಇದ್ದದ್ದು ಎರಡು. ಇದು ಇಬ್ಬರಿಗೇ ಗೊತ್ತಿತ್ತು, ಅತ್ತೆ ಕಮಲಾಕ್ಷಿಬಾಯಿಗೆ ಮತ್ತು ನನಗೆ.

ಎರಡು ವರ್ಷದ ಹಿಂದೆ ನಾವು ವಡೋದರಾದಲ್ಲಿದ್ದೆವು. ಇವರದು ಬದಲಿಯ ನೌಕರಿ. ಹುಬ್ಬಳ್ಳಿ ಬಿಟ್ಟ ಮೇಲೆ ಅಹಮದಾಬಾದ್, ವಡೋದರಾ, ಈಗ ಸೂರತ್. ಗಂಟುಮೂಟೆ ಕಟ್ಟುವುದರಲ್ಲಿ, ಬಿಚ್ಚುವುದರಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ವಡೋದರಾದಲ್ಲಿ ಒಂದು ಮಧ್ಯಾಹ್ನ ಹೋಳಿಗೆಯ ಊಟವಾದ ಮೇಲೆ ಅತ್ತೆಗೆ ಬಲಪಕ್ಕೆಯಲ್ಲಿ ನೋವು ಬಂದು ಬೆನ್ನಿನ ತನಕ ಹಬ್ಬಿತು. ಇವರು ಆಫೀಸಿನಲ್ಲಿದ್ದರು. ನಾನೇ ರಿಕ್ಷಾದಲ್ಲಿ ಕರೆದೊಯ್ದು ಸೋನೋಗ್ರಫಿ ಮಾಡಿಸಿದೆ. ಪಿತ್ತಕೋಶದಲ್ಲಿ ಎರಡು ದೊಡ್ಡ ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ಕುಳಿತಿವೆ, ದುರ್ಬೀನ್ ಆಪರೇಶನ್ ಮಾಡಿಸಿಬಿಡಿ, ಸಣ್ಣ ತೂತುಗಳಲ್ಲಿ ಕೆಲಸ ಮುಗಿಯುತ್ತದೆ, ಮೂರನೆಯ ದಿನ ಮನೆಯಲ್ಲಿರುತ್ತೀರಿ ಎಂದರು ಅಲ್ಲಿಯ ಡಾಕ್ಟರು.

ಮನೆಗೆ ಬಂದದ್ದೇ ಅತ್ತೆ ನನ್ನ ಕೈ ಹಿಡಿದು ದೇವರ ಮನೆಗೆ ಕರೆದುಕೊಂಡು ಹೋದರು.

"ಹಯವದನಗ ಹೇಳಬ್ಯಾಡ," ಅಂದರು. "ಹೇಳಿದಿ ಅಂದ್ರ ನಾಳೆನ ನನ್ನ ಟೇಬಲ್ ಮ್ಯಾಲೆ ಮಲಗಸ್ತಾನ. ಅವನಪ್ಪನ್ನೂ ಹಿಂಗ ಹುಬ್ಬಳ್ಳಿ ದವಾಖಾನಿಗೆ ನಡಿಸಿಕೊಂಡು ಹೋದ್ರು. ಇದ ಪಿತ್ತದ ಚೀಲದ ಸಲುವಾಗಿ. ಹೊಟ್ಟಿ ಕೊಯ್ದ್ರು. ಐದನೇ ದಿನಾ ಹೊತಗೊಂಡು ಬಂದ್ರು."

"ಅತ್ಯಾ, ಅದು ಮೂವತ್ತೈದು ವರ್ಷದ ಹಿಂದಿನ ಮಾತು. ಈಗ ಕೊಯ್ಯೂದಿಲ್ಲ. ತೂತು ಮಾಡ್ತಾರ ಅಷ್ಟ."

"ತೂತು ಸಣ್ಣದಿದ್ರೇನಾತು, ಚಾಕು ಚಾಕೂನ ಹೌದಲ್ಲ." ನನ್ನ ಕೈ ಎತ್ತಿ ತಮ್ಮ ತಲೆಯ ಮೇಲೆ ಇಟ್ಟುಕೊಂಡರು. "ಆಣಿ ಮಾಡು. ಯಾರ ಮುಂದ ಬಾಯಿ ಬಿಟ್ಟರೂ ನನ್ನ ಹೆಣಾ ಕಂಡಂಗ."

ನಾನು ಬಿ.ಎಸ್ಸಿ. ಓದಿದವಳು. ಬೆಕ್ಕು ಅಡ್ಡ ಬಂದರೆ ನಿಲ್ಲುವವಳಲ್ಲ. ಆದರೆ ಆಣೆಯ ವಿಷಯದಲ್ಲಿ ನನ್ನ ಓದು ಕೆಲಸಕ್ಕೆ ಬರುವುದಿಲ್ಲ. ನಮ್ಮಪ್ಪ ಗದಗಿನಲ್ಲಿ ಗಣಿತದ ಮಾಸ್ತರರಾಗಿದ್ದರು. ಊಟಕ್ಕೆ ಕುಳಿತಾಗ ಯಾರಾದರೂ ಆಣೆ ಎಂದರೆ ಎಲೆ ಬಿಟ್ಟು ಎದ್ದುಬಿಡುತ್ತಿದ್ದರು. ನನಗೆ ಎಂಟು ವರ್ಷವಿದ್ದಾಗ ಡಬ್ಬಿಯ ಬೆಲ್ಲ ಕದ್ದು ತಿಂದು, ಅಜ್ಜಿಯಾಣೆ ತಿಂದಿಲ್ಲ ಎಂದು ಬಿಟ್ಟಿದ್ದೆ. ಹನ್ನೊಂದನೆಯ ದಿನ ಅಜ್ಜಿ ತೀರಿಕೊಂಡಳು. ಅಜ್ಜಿಗೆ ಎಂಬತ್ತೆಂಟಾಗಿತ್ತು, ನ್ಯುಮೋನಿಯಾ ಆಗಿತ್ತು, ಎಲ್ಲ ಗೊತ್ತು. ಆದರೂ ಇವತ್ತಿಗೂ ನಾನು ಬೆಲ್ಲ ಮುಟ್ಟುವುದಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅತ್ತೆ ನನ್ನಿಂದ ಆಣೆ ಮಾಡಿಸಿದ್ದು ಅದೊಂದೇ ಸಲ. ಅವರ ಬೆಳ್ಳಗಿನ ಕೂದಲಿನ ಮೇಲೆ ಕೈ ಇಟ್ಟು ಆಣೆ ಮಾಡಿದೆ.

ಸೋನೋಗ್ರಫಿಯ ಕಾಗದವನ್ನು ಅತ್ತೆ ಕೂಡಿಟ್ಟಿದ್ದ ಹಳೆಯ ಪಂಚಾಂಗಗಳ ನಡುವೆ ಸೇರಿಸಿದೆ. ಅವುಗಳನ್ನು ಅವರು ಎಸೆಯುವುದಿಲ್ಲ, ಇವರು ತೆರೆಯುವುದಿಲ್ಲ. ಅಲ್ಲಿಂದ ಮುಂದೆ ನೋವು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಅದರ ಹೆಸರು ಪಿತ್ತ. ಅತ್ತೆಗೆ ಉಪವಾಸಗಳು ಬಹಳ: ತಿಂಗಳಿಗೆ ಎರಡು ಏಕಾದಶಿ, ಹುಣ್ಣಿಮೆ, ಅಮಾವಾಸ್ಯೆ, ಶ್ರವಣ ನಕ್ಷತ್ರ ಬಂದ ದಿನ. ಹೊಟ್ಟೆ ಖಾಲಿ ಬಿಟ್ಟರೆ ಪಿತ್ತ ಕೆರಳುವುದು ಸಹಜ ಎಂದು ಇವರು ನಂಬಿಬಿಟ್ಟರು. ನಂಬುವುದು ಸುಲಭವೂ ಆಗಿತ್ತು.

ಸೂರತ್ತಿಗೆ ಬಂದ ಮೇಲೆ, ಈ ವರ್ಷ ಜ್ಯೇಷ್ಠ ಮಾಸದಲ್ಲಿ, ನಾಲ್ಕು ದಿನ ಬಿಡದೆ ನೋವು. ಜ್ವರವೂ ಬಂತು. ಇನ್ನು ಹೇಳಿಯೇ ತೀರುವುದು ಎಂದು ನಾನು ಬಾಯಿಯ ತನಕ ಮಾತು ತಂದಿದ್ದೆ. ಐದನೆಯ ದಿನ ಬೆಳಿಗ್ಗೆ ನೋವು ಒಮ್ಮೆಲೇ ನಿಂತಿತು. ನೂಲು ಕಡಿದ ಹಾಗೆ ನಿಂತಿತು. ಅತ್ತೆ ಎದ್ದು ಸ್ನಾನ ಮಾಡಿ, "ರಾಯರ ಮೃತ್ತಿಕೆ ತಗೊಂಡೆ ನೋಡು, ಬೇರು ಸಹಿತ ಹೋತು," ಅಂದರು. ನಾನು ಸಜ್ಜಿಗೆ ಮಾಡಿ ನೈವೇದ್ಯ ತೋರಿಸಿದೆ. ಆ ದಿನ ನಾನು ಕೈಮುಗಿದು ಸಂತೋಷಪಟ್ಟದ್ದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಶ್ರಾವಣದ ನಾಗರ ಪಂಚಮಿಗೆ ಅತ್ತೆ ಉಂಡಿ ಕಟ್ಟಲು ಕುಳಿತವರು ಎದ್ದು ಹೋಗಿ ವಾಂತಿ ಮಾಡಿಕೊಂಡರು. ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬಿತು. ಈ ಸಲ ಇವರು ಮನೆಯಲ್ಲಿದ್ದರು. ಯಾರ ಮಾತೂ ಕೇಳದೆ ತಾಪಿ ನದಿಯ ಸೇತುವೆ ದಾಟಿಸಿ ಊರೊಳಗಿನ ಒಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿಯ ಸರ್ಜನ್ ಡಾಕ್ಟರ್ ಕಿಶೋರ್‌ಭಾಯಿ ಸ್ಕ್ಯಾನಿನ ಚಿತ್ರ ತೋರಿಸಿ ಹೇಳಿದ್ದು ಇಷ್ಟು: ಪಿತ್ತಕೋಶದಲ್ಲಿದ್ದ ಕಲ್ಲು ಗೋಡೆಯನ್ನು ಸವೆಸಿ, ಪಕ್ಕದ ಕರುಳಿಗೆ ತಾನೇ ದಾರಿ ಮಾಡಿಕೊಂಡು ಇಳಿದಿದೆ. ಈಗ ಸಣ್ಣ ಕರುಳಿನ ತುದಿಯಲ್ಲಿ ಬೂಚಿನಂತೆ ಸಿಕ್ಕಿಕೊಂಡಿದೆ. ಬಹಳ ಅಪರೂಪ, ನನ್ನ ಇಪ್ಪತ್ತು ವರ್ಷದಲ್ಲಿ ಇದು ನಾಲ್ಕನೆಯದು.

"ಕೆಲವು ತಿಂಗಳ ಹಿಂದೆ ಜೋರು ನೋವು ಬಂದು ತಾನೇ ನಿಂತುಹೋಗಿತ್ತೇ?" ಎಂದು ಕೇಳಿದರು.

ಹೌದು ಎಂದೆ.

"ಅವತ್ತೇ ಗೋಡೆ ತೂತಾಗಿದ್ದು. ಒಳಗಿನ ಒತ್ತಡ ಇಳಿಯಿತು, ನೋವು ಹೋಯಿತು. ವಾಸಿಯಾಯಿತು ಅಂತ ಎಲ್ಲರೂ ತಿಳಿಯುತ್ತಾರೆ."

ನನಗೆ ಸಜ್ಜಿಗೆಯ ನೈವೇದ್ಯ ನೆನಪಾಯಿತು.

ಆಪರೇಶನ್ ಕೋಣೆಯ ಬಾಗಿಲಲ್ಲಿ ಅತ್ತೆ ಗಾಲಿ ಹಾಸಿಗೆಯ ಮೇಲೆ ಮಲಗಿದ್ದರು. ಡಾಕ್ಟರು ಬಂದು ಕೊನೆಯದಾಗಿ ಕೇಳಿದರು, ಹಿಂದೆ ಎಂದಾದರೂ ಸೋನೋಗ್ರಫಿ ಆಗಿದೆಯೇ, ಎಷ್ಟು ಕಲ್ಲಿದ್ದವೆಂದು ಗೊತ್ತಾದರೆ ನಾನು ಅಷ್ಟನ್ನೂ ಹುಡುಕಬಹುದು, ಸ್ಕ್ಯಾನಿನಲ್ಲಿ ಎಲ್ಲ ಕಲ್ಲೂ ಕಾಣುವುದಿಲ್ಲ. ಇವರು ಎದೆಯುಬ್ಬಿಸಿ, ನಮ್ಮಮ್ಮ ಇವತ್ತಿನ ತನಕ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ ಎಂದರು. ಅತ್ತೆ ತಲೆ ಹೊರಳಿಸಿ ನನ್ನನ್ನೇ ನೋಡಿದರು. ರೆಪ್ಪೆ ಬಡಿಯದೆ ನೋಡಿದರು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ, ಹಾಗೇ ನಿಂತೆ. ಕೊಟ್ಟ ಆಣೆಯನ್ನು ನೆನಪಿಸುತ್ತಿದ್ದಾರೆ ಎಂದುಕೊಂಡೆ. ಚಾಕುವಿನ ಕೆಳಗೆ ಹೋಗುವ ಹೊತ್ತಿಗೆ, ಅವರ ತಲೆ ಮುಟ್ಟಿ ಮಾಡಿದ ಆಣೆ ಮುರಿಯುವುದೇ? ಬಾಗಿಲು ಮುಚ್ಚಿತು.

ಎರಡು ಗಂಟೆಯ ಮೇಲೆ ನರ್ಸ್ ಹೊರಗೆ ಬಂದು, ಕಮಲಾಕ್ಷಿಬಾ ಅವರ ಮನೆಯವರು ಯಾರು ಎಂದು ಕೂಗಿದಳು. ಕೈಯಲ್ಲಿ ಡಬ್ಬಿ ಇತ್ತು. ಇಲ್ಲಿಯ ಆಸ್ಪತ್ರೆಗಳಲ್ಲಿ ಹೀಗೇ, ತೆಗೆದ ಕಲ್ಲನ್ನು ಮನೆಯವರ ಕೈಗೆ ಕೊಟ್ಟರೆ ಕೆಲಸ ಆಯಿತೆಂದು ಲೆಕ್ಕ. ಡಾಕ್ಟರು ಆಮೇಲೆ ವಿವರಿಸಿದರು. ಹೊಕ್ಕುಳ ಬಳಿಯ ತೂತಿನಿಂದ ಕ್ಯಾಮೆರಾ ಇಳಿಸಿ, ಕಲ್ಲಿರುವ ಕರುಳಿನ ಸುತ್ತನ್ನು ಮೆಲ್ಲನೆ ಹೊರಗೆಳೆದು, ಸೀಳಿ ಕಲ್ಲು ತೆಗೆದು, ಹೊಲಿದು ಒಳಗೆ ಬಿಟ್ಟಿದ್ದಾರೆ. ಪಿತ್ತಕೋಶದ ಸುತ್ತ ಎಲ್ಲ ಅಂಟಿಕೊಂಡು ಗಡ್ಡೆಯಾಗಿದೆ, ಎಪ್ಪತ್ತಾರರ ವಯಸ್ಸಿಗೆ ಅದನ್ನು ಈಗ ಕೆದಕುವುದು ಬೇಡ ಎಂದು ಬಿಟ್ಟಿದ್ದಾರೆ. ವಾಂತಿಯಾದರೆ, ಹೊಟ್ಟೆ ಉಬ್ಬಿದರೆ ಅದೇ ಗಳಿಗೆ ಕರೆತನ್ನಿ ಎಂದರು.

ಮನೆಗೆ ಬಂದ ಅತ್ತೆ ಚೆನ್ನಾಗಿಯೇ ಇದ್ದರು. ಮೊಸರನ್ನ ಕೊಡಿ ಎಂದು ಡಾಕ್ಟರು ಬರೆದಿದ್ದರೆ, ಶ್ರಾವಣದಲ್ಲಿ ದಧಿವ್ರತ, ಮೊಸರು ವರ್ಜ್ಯ ಎಂದು ಚೀಟಿಯನ್ನೇ ತಳ್ಳಿದರು. ಉಪವಾಸ ಮಾಡಕೂಡದು ಎಂದದ್ದಕ್ಕೆ, "ನಾಕ ಹನಿ ತೀರ್ಥ ತಗೋತೀನಿ, ಅದು ಉಪವಾಸ ಹೆಂಗಾಗ್ತದ," ಅಂದರು. ಆ ಬೈಗುಳದ ದನಿ ಕೇಳಿ ನನಗೆ ಧೈರ್ಯ ಬಂತು. ಎರಡನೆಯ ಕಲ್ಲು ಕರಗಿರಬೇಕು, ಅಥವಾ ಜ್ಯೇಷ್ಠದಲ್ಲೇ ಹೊರಗೆ ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು ಎಂದು ಒಳಗೆ ಗೊತ್ತಿದ್ದಾಗಲೇ ನಾವು ಒಂದೇ ಮಾತನ್ನು ಹತ್ತು ಸಲ ಹೇಳಿಕೊಳ್ಳುವುದು.

ಗೋಕುಲಾಷ್ಟಮಿ ಬಂತು. ಅತ್ತೆ ಇಡೀ ದಿನ ಉಪವಾಸ ಮಾಡಿದರು. ಮರುದಿನ ನವಮಿಯ ಪಾರಣೆಗೆ ಎಲೆ ಹಾಕಿ ಬಡಿಸಿದರೆ ಎರಡು ತುತ್ತು ಕಲಸಿ ಪಕ್ಕಕ್ಕೆ ಸರಿಸಿದರು. ಉಪವಾಸದ ಮೇಲೆ ಒಮ್ಮೆಲೇ ತಿನ್ನಲು ಬರುವುದಿಲ್ಲ ಎಂದರು. ಅದೂ ಹೌದೇ. ನಾನು ಎಲೆ ಎತ್ತಿದೆ.

ಆ ದಿನ ಎದುರು ಮನೆಯ ಜೇರಾಮ್‌ಭಾಯಿ ಬಂದರು. ಸೌರಾಷ್ಟ್ರದಿಂದ ಹುಡುಗನಾಗಿ ಬಂದು ನಲವತ್ತು ವರ್ಷ ವಜ್ರ ಉಜ್ಜಿದವರು, ಈಗ ಸ್ವಂತದ ಸಣ್ಣ ಕಾರ್ಖಾನೆ ಇದೆ. ಅಷ್ಟಮಿಯ ರಜೆಗೆ ಕಾರ್ಖಾನೆ ಮುಚ್ಚಿತ್ತು. ಇವರು ಎಂದಿನಂತೆ ಡಬ್ಬಿ ತಂದು ಅವರ ಕೈಗಿಟ್ಟು ಅಹಮದಾಬಾದಿಗೆ ಹೋಗುವ ಚೀಲ ತುಂಬಲು ಒಳಗೆ ಹೋದರು. ಮರುದಿನದಿಂದ ಅಲ್ಲಿ ಮೂರು ದಿನದ ಮೀಟಿಂಗ್ ಇತ್ತು. ಬೇರೆಯವರೆಲ್ಲ ಡಬ್ಬಿಯನ್ನು ದೂರದಿಂದಲೇ ನೋಡಿ ಮುಖ ಕಿವುಚಿದರೆ ಜೇರಾಮ್‌ಭಾಯಿ ಮುಚ್ಚಳ ತೆಗೆದು ಕಲ್ಲನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಹೋದರು. ಅಂಗಿಯ ಜೇಬಿನಿಂದ ತಮ್ಮ ಸಣ್ಣ ಭೂತಗನ್ನಡಿ ತೆಗೆದು ಕಣ್ಣಿಗೆ ಹಿಡಿದರು. ಕಲ್ಲನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು.

"ವೇದಾಬೆನ್, ಆ ಘಸಾಯೆಲೋ ಛೇ," ಅಂದರು. ಇದು ಉಜ್ಜಿದ್ದು ಎಂದು.

ಹತ್ತಿರ ಹೋಗಿ ನೋಡಿದೆ. ಕಲ್ಲು ಎಲ್ಲ ಕಡೆ ಉರುಟಾಗಿತ್ತು, ಒಂದು ಕಡೆ ಮಾತ್ರ ಚಪ್ಪಟೆ. ಅಂಗಡಿಯಲ್ಲಿ ಕೊಯ್ಸಿದ ಹಾಗೆ ನುಣುಪಾದ ಚಪ್ಪಟೆ. ಇಷ್ಟು ದಿನ ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

"ಕಲ್ಲು ಒಂಟಿಯಾಗಿ ಹೀಗೆ ಸವೆಯುವುದಿಲ್ಲ," ಎಂದರು ಅವರು ತಮ್ಮ ಹಿಂದಿಯಲ್ಲಿ. "ಕಲ್ಲನ್ನು ಸವೆಸುವುದು ಕಲ್ಲೇ. ಇದು ವರ್ಷಗಟ್ಟಲೆ ಇನ್ನೊಂದಕ್ಕೆ ಮೈ ಉಜ್ಜಿಕೊಂಡು ಕುಳಿತಿದೆ. ಇಷ್ಟೇ ದೊಡ್ಡದಕ್ಕೆ. ಬೀಜೋ ಕ್ಯಾಂ?"

ಎರಡನೆಯದು ಎಲ್ಲಿ ಎಂದು ಕೇಳುತ್ತಿದ್ದರು. ಅವರಿಗೆ ಅದು ಕಸಬಿನ ಕುತೂಹಲ. ಡಾಕ್ಟರು ಇನ್ನೊಂದು ಡಬ್ಬಿ ಕೊಟ್ಟಿರಬೇಕು ಎಂದುಕೊಂಡಿದ್ದರು. ನಾನು, ಒಂದೇ ಇತ್ತು ಕಾಕಾ, ಎಂದೆ. ಅವರು ನನ್ನ ಮುಖವನ್ನೂ ಒಂದು ಗಳಿಗೆ ಕಲ್ಲನ್ನು ನೋಡಿದ ಹಾಗೆಯೇ ನೋಡಿ, ಡಬ್ಬಿಯ ಮುಚ್ಚಳ ಹಾಕಿದರು. ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು, ಬಾಗಿಲು ತೆರೆದೇ ಇತ್ತು.

ದಶಮಿ. ಇವರು ಬೆಳಗಿನ ರೈಲಿಗೆ ಅಹಮದಾಬಾದಿಗೆ ಹೋದರು. ಮರುದಿನ ಏಕಾದಶಿಯಾದ್ದರಿಂದ ದಶಮಿಗೆ ಒಂದೇ ಹೊತ್ತು ಊಟ. ಅತ್ತೆ ಆ ಒಂದು ಹೊತ್ತಿಗೂ ತಟ್ಟೆಯ ಮುಂದೆ ಕುಳಿತು ಎದ್ದರು. ಅಷ್ಟಮಿಗೆ ಉಪವಾಸ, ನವಮಿಗೆ ಹಸಿವಿಲ್ಲ, ದಶಮಿಗೆ ಒಂದು ಹೊತ್ತು, ನಾಳೆ ಏಕಾದಶಿ. ನಾಲ್ಕು ದಿನ ಒಬ್ಬ ಹೆಂಗಸು ತಿನ್ನದೇ ಇದ್ದರೆ ಬೇರೆ ಯಾವ ಮನೆಯಲ್ಲಾದರೂ ಗಾಬರಿಯಾಗುತ್ತಿದ್ದರು. ನಮ್ಮ ಮನೆಯಲ್ಲಿ ಪ್ರತಿಯೊಂದು ದಿನಕ್ಕೂ ಪಂಚಾಂಗದಲ್ಲಿ ಕಾರಣ ಬರೆದಿತ್ತು.

ಮಧ್ಯಾಹ್ನ ಹಳೆಯ ಪಂಚಾಂಗಗಳ ಕಟ್ಟು ಬಿಚ್ಚಿದೆ. ಕಾಗದ ಅಲ್ಲೇ ಇತ್ತು, ಅರಿಶಿನದ ಕಲೆ ಬಿದ್ದಿತ್ತು. ಎರಡು ಕಲ್ಲು, ಎರಡರ ಅಳತೆ, ತಾರೀಕು, ವಡೋದರಾದ ಡಾಕ್ಟರ ಸಹಿ. ಅದನ್ನು ಹಿಡಿದುಕೊಂಡೇ ಅತ್ತೆಯ ಮಂಚದ ಹತ್ತಿರ ಹೋದೆ.

"ಅತ್ಯಾ, ಡಾಕ್ಟರಿಗೆ ಫೋನ್ ಮಾಡ್ಲೇನು? ಇದೊಂದು ಹೇಳಿಬಿಡ್ತೀನಿ."

ಅವರು ಕಾಗದವನ್ನು ನೋಡಿದರು. ಗೋಡೆಯ ಕಡೆ ಹೊರಳಿದರು. "ನಾಳೆ ಏಕಾದಶಿ. ಇವತ್ತ ಯಾಕ ಆ ಮಾತು," ಅಂದರು.

ಬೇಡ ಎನ್ನಲಿಲ್ಲ. ಇದನ್ನು ನಾನು ಆಮೇಲೆ ಸಾವಿರ ಸಲ ನೆನೆದಿದ್ದೇನೆ, ಅವರು ಬೇಡ ಎನ್ನಲಿಲ್ಲ. ಆದರೆ ಆ ಹೊತ್ತಿಗೆ ನನಗೆ ಕೇಳಿಸಿದ್ದು ಆಣೆಯೊಂದೇ. ಫೋನ್ ಕೈಯಲ್ಲಿತ್ತು, ಕಿಶೋರ್‌ಭಾಯಿಯವರ ನಂಬರು ಅದರಲ್ಲಿತ್ತು. ಹೇಳಿದರೆ ಅತ್ತೆಯ ಹೆಣ, ಹೇಳದಿದ್ದರೆ ಏನು ಎಂದು ನನಗೆ ಗೊತ್ತಿತ್ತು. ಹೇಳಿದ ಮೇಲೆ ಇವರು ನನ್ನ ಮುಖ ನೋಡುವುದಿಲ್ಲ ಎಂಬ ಹೆದರಿಕೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಎರಡು ವರ್ಷ ಗಂಡನ ತಾಯಿಯ ರೋಗವನ್ನು ಬಚ್ಚಿಟ್ಟವಳು ಎಂದು ಹೆಸರಾಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಪ್ಪ ಹೇಳುತ್ತಿದ್ದರು. ಆಡದೇ ಹೋದರೂ ಹೋಗುವುದುಂಟು ಎಂದು ಅವರು ಹೇಳಿಕೊಟ್ಟಿರಲಿಲ್ಲ. ಫೋನನ್ನು ಕಪಾಟಿನಲ್ಲಿಟ್ಟೆ.

ಏಕಾದಶಿಯ ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ನೀರು ಪೋಲು ಮಾಡಿದರೆ ಮೈಮೇಲೆ ಬರುವ ಹೆಂಗಸು ಅತ್ತೆ. ಬಾಗಿಲು ನೂಕಿದೆ. ಅವರು ಬಕೆಟ್ಟಿನ ಅಂಚು ಹಿಡಿದು ಕೂತಿದ್ದರು. ನಲ್ಲಿಯ ಸದ್ದಿನಲ್ಲಿ ವಾಂತಿಯ ಸದ್ದು ಹೊರಗೆ ಬಾರದಂತೆ ಮಾಡಿದ್ದರು. ಬಕೆಟ್ಟಿನಲ್ಲಿ ಇದ್ದದ್ದು ಕಡುಹಸಿರು, ಅದರ ವಾಸನೆ ಹೊಟ್ಟೆಯಿಂದ ಬರುವ ವಾಸನೆಯಲ್ಲ, ಗಟಾರದ್ದು.

"ಎಷ್ಟು ದಿನದಿಂದ, ಅತ್ಯಾ?"

"ಪಿತ್ತ. ಖಾಲಿ ಹೊಟ್ಟಿ ಅಲ್ಲೇನು."

"ಎಷ್ಟು ದಿನದಿಂದ?"

"ಅಷ್ಟಮಿಯಿಂದ," ಅಂದರು.

ಎಬ್ಬಿಸಲು ಸೊಂಟಕ್ಕೆ ಕೈ ಹಾಕಿದಾಗ ಸೀರೆಯೊಳಗೆ ಹೊಟ್ಟೆ ಡೋಲಿನಂತೆ ಬಿಗಿದಿತ್ತು. ಕೈ ಬಿಟ್ಟೆ. ಕಪಾಟಿನಿಂದ ಫೋನ್ ತೆಗೆದೆ. ಕಿಶೋರ್‌ಭಾಯಿ ಎತ್ತಿದೊಡನೆ ನನ್ನ ಬಾಯಿಂದ ಬಂದದ್ದು ನಮಸ್ಕಾರವಲ್ಲ. ಎರಡು ಕಲ್ಲಿದ್ದವು, ಡಾಕ್ಟರ್, ನನ್ನ ಹತ್ತಿರ ಕಾಗದ ಇದೆ, ಎರಡು ವರ್ಷದಿಂದ ಇದೆ ಎಂದೆ. ಹೊಟ್ಟೆ ಉಬ್ಬಿದೆಯೇ ಎಂದರು ಅವರು. ಉಬ್ಬಿದೆ ಎಂದೆ. ಈಗಲೇ ಹೊರಡಿ ಎಂದರು.

ಜೇರಾಮ್‌ಭಾಯಿ ತಮ್ಮ ಗಾಡಿ ತೆಗೆದರು. ತಾಪಿ ಸೇತುವೆಯ ಮೇಲೆ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ಎರಡು ವರ್ಷದ ಹಿಂದೆ ಕೈ ಇಟ್ಟಿದ್ದ ಜಾಗದಲ್ಲೇ ಕೈ ಇಟ್ಟುಕೊಂಡು ಕುಳಿತಿದ್ದೆ. ಬೆವರಿ ತಣ್ಣಗಾಗಿತ್ತು. ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರೆ, ನನಗೆ ಆಗ ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಆಣೆ ಮುರಿದಿದ್ದೇನೆ, ಇನ್ನು ಅತ್ತೆ ಉಳಿಯುವುದಿಲ್ಲ, ಅಷ್ಟೇ ತಲೆಯಲ್ಲಿ ತಿರುಗುತ್ತಿತ್ತು. ಮುಂದಿನ ಸೀಟಿನಿಂದ ಜೇರಾಮ್‌ಭಾಯಿ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಕಿಶೋರ್‌ಭಾಯಿ ಕಾಗದವನ್ನು ಓದಿ ಮಡಚಿ ನನಗೇ ಕೊಟ್ಟರು. ಬೈಯಲಿಲ್ಲ. "ಗೊತ್ತಿದ್ದರೆ ಅವತ್ತೇ ಇದನ್ನೂ ಹುಡುಕುತ್ತಿದ್ದೆ," ಎಂದಷ್ಟೇ ಹೇಳಿದರು. ಅಂಟಿಕೊಂಡ ಪಿತ್ತಕೋಶದ ಗಡ್ಡೆಯೊಳಗೆ ಕುಳಿತಿದ್ದ ಎರಡನೆಯ ಕಲ್ಲು ಮೊದಲನೆಯದು ಮಾಡಿಟ್ಟ ದಾರಿಯಲ್ಲೇ ಇಳಿದಿತ್ತು. ಇವರು ಅಹಮದಾಬಾದಿನಿಂದ ಹೊರಟಿದ್ದರು, ಬರುವುದಕ್ಕೆ ಇನ್ನೂ ಮೂರು ಗಂಟೆ ಬೇಕು. ಸಹಿ ನಾನೇ ಹಾಕಿದೆ. ಮತ್ತೆ ತೂತಿನಿಂದಲೇ ಪ್ರಯತ್ನಿಸುತ್ತೇನೆ, ಆದರೆ ಕರುಳು ಕಪ್ಪಾಗಿದ್ದರೆ ಹೊಟ್ಟೆ ತೆರೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು.

ಅದೇ ಬಾಗಿಲು, ಅದೇ ಗಾಲಿ ಹಾಸಿಗೆ. ಅತ್ತೆಗೆ ಪ್ರಜ್ಞೆ ಇತ್ತು. ನಾನು ಬಗ್ಗಿ ಕಿವಿಯಲ್ಲಿ ಹೇಳಿದೆ.

"ಅತ್ಯಾ, ಆಣಿ ಮುರದೀನಿ. ಡಾಕ್ಟರಿಗೆ ಎಲ್ಲಾ ಹೇಳೀನಿ."

ಅವರು ತಲೆ ಹೊರಳಿಸಿ ನನ್ನನ್ನು ನೋಡಿದರು. ಅವತ್ತು ನೋಡಿದ್ದ ಹಾಗೆಯೇ, ರೆಪ್ಪೆ ಬಡಿಯದೆ.

"ಇಷ್ಟ ದಿನಾ ಬೇಕಾತೇನ ನಿನಗ?"

ನನಗೆ ಅರ್ಥವಾಗಲಿಲ್ಲ.

"ನಾ ಹೆದರಿ ಹಾಕಿಸಿದ ಆಣಿ ಅದು. ನನ್ನ ಬಾಯಿಲೆ ನಾ ಹೆಂಗ ಹೇಳ್ಲಿ, ನಾಚಿಕಿ ಆಗ್ತಿತ್ತು. ನೀ ಕಲತಾಕಿ. ಅವತ್ತ ಇಲ್ಲೆ ಡಾಕ್ಟ್ರು ಕೇಳಿದಾಗ ನಿನ್ನ ಮಾರಿ ನೋಡಿದೆ. ಈಗ ಹೇಳ್ತಾಳ ಅಂತ ಮಾಡಿದ್ದೆ."

ಹಾಸಿಗೆಯನ್ನು ಒಳಗೆ ತಳ್ಳಿದರು. ನಾನು ಗೋಡೆಗೆ ಒರಗಿ ನಿಂತೆ.

ಈ ಸಲ ಎರಡು ಗಂಟೆ ಕಳೆದರೂ ನರ್ಸ್ ಹೊರಗೆ ಬರಲಿಲ್ಲ. ಇವರು ಬಂದು ನನ್ನ ಪಕ್ಕ ನಿಂತರು. ನಾಲ್ಕನೆಯ ಗಂಟೆಗೆ ಕಿಶೋರ್‌ಭಾಯಿ ತಾವೇ ಬಂದರು, ಟೋಪಿ ಬೆವರಿನಿಂದ ಒದ್ದೆಯಾಗಿತ್ತು. ಕಲ್ಲು ಸಿಕ್ಕಿದ ಕಡೆ ಕರುಳು ಕೊಳೆತು ತೂತಾಗಿತ್ತು. ಹೊಟ್ಟೆ ತೆರೆಯಬೇಕಾಯಿತು. ಗೇಣುದ್ದ ಕರುಳು ತೆಗೆದು ಜೋಡಿಸಿದ್ದೇವೆ, ವಿಷ ಹರಡಿದೆ, ಎರಡು ದಿನ ಏನೂ ಹೇಳಲಾಗದು ಎಂದರು. ಡಬ್ಬಿಯನ್ನು ಇವರ ಕೈಗಿಟ್ಟರು. ಇವರು ಅದನ್ನು ಯಾರಿಗೂ ತೋರಿಸಲಿಲ್ಲ.

ಅತ್ತೆ ಮತ್ತೆ ಮಾತಾಡಲಿಲ್ಲ. ಐದನೆಯ ದಿನ ಹೋದರು. ಮಾವನವರೂ ಐದನೆಯ ದಿನವೇ ಹೋಗಿದ್ದು ಎಂದು ನನಗೆ ನೆನಪಾದದ್ದು ಅಶ್ವಿನಿಕುಮಾರ ಘಾಟಿನ ಸ್ಮಶಾನದಿಂದ ಮರಳಿ ಬರುವಾಗ.

ವೈಕುಂಠ ಸಮಾರಾಧನೆ ಮುಗಿದು ಬಂದವರೆಲ್ಲ ಹೋದ ಮೇಲೆ ಇವರು ಶೋಕೇಸಿನಿಂದ ಹಳೆಯ ಡಬ್ಬಿ, ತಮ್ಮ ಚೀಲದಿಂದ ಹೊಸ ಡಬ್ಬಿ ತಂದು ಊಟದ ಟೇಬಲ್ಲಿನ ಮೇಲೆ ಇಟ್ಟರು. ಎರಡೂ ಕಲ್ಲು ಹೊರಗೆ ತೆಗೆದು ಚಪ್ಪಟೆ ಮುಖಕ್ಕೆ ಚಪ್ಪಟೆ ಮುಖ ಸೇರಿಸಿದರು. ಎರಡೂ ಕೂಡಿಕೊಂಡು ಒಂದೇ ಕಲ್ಲಿನಂತೆ ಕುಳಿತವು.

"ಎರಡಿದ್ದೂ ಅಂತ ನಿನಗ ಗೊತ್ತಿತ್ತು," ಅಂದರು. ಕಿಶೋರ್‌ಭಾಯಿ ಹೇಳಿರಬೇಕು, ಅಥವಾ ಜೇರಾಮ್‌ಭಾಯಿ. ನಾನು ಎದ್ದು ಹೋಗಿ ಅರಿಶಿನದ ಕಲೆಯ ಕಾಗದ ತಂದು ಮುಂದಿಟ್ಟೆ. ಅವರು ತಾರೀಕು ಓದಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಯಾಕ ಹೇಳಲಿಲ್ಲ ವೇದಾ?"

"ಅವರ ತಲಿ ಮುಟ್ಟಿ ಆಣಿ ಮಾಡಿದ್ದೆರೀ. ಹೇಳಿದ್ರ ನನ್ನ ಹೆಣಾ ಕಂಡಂಗ ಅಂದಿದ್ರು."

ಇವರು ಕೂಡಿದ್ದ ಕಲ್ಲುಗಳನ್ನು ಮತ್ತೆ ಬೇರೆ ಬೇರೆ ಮಾಡಿದರು.

"ಅವ್ವನ ಆಣಿ," ಅಂದರು. "ಸಣ್ಣಾವಿದ್ದಾಗ ನನಗ ದಿನಾ ಹಾಕ್ತಿದ್ಲು. ಕೆರೀಗೆ ಹೋಗಬ್ಯಾಡ, ನನ್ನ ಹೆಣಾ ಕಂಡಂಗ. ಬಿಸಲಾಗ ಆಡಬ್ಯಾಡ, ನನ್ನ ಹೆಣಾ ಕಂಡಂಗ. ನಾ ದಿನಾ ಮುರೀತಿದ್ದೆ. ಕೆರ್ಯಾಗ ಈಸಿ ಸಂಜಿ ಮುಂದ ಮನೀಗೆ ಬರ್ತಿದ್ದೆ. ಅವ್ವ ನನ್ನ ತಲಿ ಒರಸಿ ಊಟಕ್ಕ ಬಡಸ್ತಿದ್ಲು."

ಅಷ್ಟು ಹೇಳಿ ಇವರು ಟೇಬಲ್ಲಿಗೆ ತಲೆ ಇಟ್ಟು ಅತ್ತರು. ನಾನು ಎದುರಿಗೆ ಕುಳಿತಿದ್ದೆ. ಆ ಮನೆತನದಲ್ಲಿ ಅತ್ತೆಯ ಆಣೆಯನ್ನು ಪಾಲಿಸಿದವಳು ನಾನೊಬ್ಬಳೇ.